ಅರಸರು ಊಟಕ್ಕೆ ಹೋದರು

ನಾನು ಚಿಕ್ಕವಳಿದ್ದಾಗ ಒಮ್ಮೆ ಅರಸರ ಪರವಾಗಿ ದಂಗೆ ಎದ್ದಿದ್ದೆ. ನಗಬೇಡಿ ಮಕ್ಕಳೇ, ನಿಜವಾಗಿಯೂ ಎದ್ದಿದ್ದೆ. ಸಂಜೆ ನಾಲ್ಕೂವರೆಗೆ ಶುರುವಾದ ಆ ದಂಗೆ ಆರು ಗಂಟೆಗೆಲ್ಲ ಮುಗಿದುಹೋಯಿತು. ನಾನಾಗ ಮೂರನೇ ಕ್ಲಾಸು.

ನಾರಾವಿಯ ಕಡೆ ನಮ್ಮದೊಂದು ಸಣ್ಣ ಊರು. ಗದ್ದೆಗಳೆಲ್ಲ ಬೀಡಿನವು. ಬೀಡು ಎಂದರೆ ಹಿಂದೆ ಆ ಸೀಮೆಯನ್ನು ಆಳಿದ ಜೈನ ಅರಸರ ಮನೆ. ರಾಜ್ಯ ಹೋಗಿ ಎಷ್ಟೋ ತಲೆಮಾರು ಕಳೆದಿದ್ದರೂ ಆ ಮನೆಯ ಯಜಮಾನರನ್ನು ಎಲ್ಲರೂ ದಣಿಗಳು ಎನ್ನುತ್ತಿದ್ದರು. ಅಪ್ಪ ಅವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. ಶಾಲೆಯ ಜಾಗ ಬೀಡು ಕೊಟ್ಟದ್ದು, ಜಗಲಿಯಲ್ಲಿ ತೂಗುತ್ತಿದ್ದ ಕಂಚಿನ ಜಾಗಟೆಯೂ ಬೀಡು ಕೊಟ್ಟದ್ದು. ಹಾಗಾಗಿ ಬೆಳಿಗ್ಗೆ ಅದನ್ನು ಬಾರಿಸುವ ಹಕ್ಕು ಬೀಡಿನ ಮಕ್ಕಳದು. ಅದರ ಸದ್ದು ಕೇಳಿದ ಕೂಡಲೇ ಗದ್ದೆಯಲ್ಲಿದ್ದ ಅಪ್ಪ ತಲೆಯ ಮುಂಡಾಸು ತೆಗೆದು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಸದ್ದು ನಿಂತ ಮೇಲೆ ಮತ್ತೆ ಸುತ್ತಿಕೊಂಡು ಕೆಲಸಕ್ಕೆ ಇಳಿಯುತ್ತಿದ್ದರು.

ಆ ವರ್ಷ ಹೊಸ ಹೆಡ್ಮಾಸ್ಟ್ರು ಬಂದರು. ಈಗ ಈ ದೇಶದಲ್ಲಿ ಹುಟ್ಟಿನಿಂದ ಯಾರೂ ಅರಸರಲ್ಲ ಎಂದು ಹೇಳಿ, ಜನವರಿಯಲ್ಲಿ ಶಾಲೆಗೊಂದು ಮಂತ್ರಿಮಂಡಲ ಮಾಡಿದರು. ಇನ್ನು ಮುಂದೆ ಜಾಗಟೆ ಬಾರಿಸುವುದು ಅದರ ಲೀಡರ್ ಎಂದರು. ಲೀಡರ್ ಆಗಲು ಏಳನೇ ಕ್ಲಾಸಿನ ಇಬ್ಬರು ನಿಂತರು. ಒಬ್ಬ ಬೀಡಿನ ಹುಡುಗ, ಇನ್ನೊಬ್ಬಳು ನನ್ನ ಅಕ್ಕ. ಅವನಿಗೆ ಓಟು ಹಾಕುವವರು ಮಡಕೆಗೆ ಹುಣಸೆ ಬೀಜ ಹಾಕಬೇಕು, ಅಕ್ಕನಿಗೆ ಹಾಕುವವರು ಕೆಂಪು ಗುಲಗಂಜಿ. ಮಡಕೆ ಬೋರಲು ಹಾಕಿದಾಗ ನೆಲವೆಲ್ಲ ಕೆಂಪಾಯಿತು. ಆ ಕೆಂಪಿನ ನಡುವೆ ನನ್ನ ಹುಣಸೆ ಬೀಜವೂ ಎಲ್ಲೋ ಇತ್ತು.

ಸ್ವಂತ ಅಕ್ಕನಿಗೆ ಯಾಕೆ ಓಟು ಹಾಕಲಿಲ್ಲ ಎಂದರೆ, ನನ್ನದೂ ಒಂದು ಲೆಕ್ಕಾಚಾರವಿತ್ತು. ಅಕ್ಕನಿಗೆ ಹೈಸ್ಕೂಲಿಗೆ ಹೋಗುವ ಆಸೆ. ಅದು ಇದ್ದದ್ದು ದೂರದ ಮೂಡುಬಿದಿರೆಯಲ್ಲಿ. ಹುಡುಗಿಗೆ ಏಳನೇ ಕ್ಲಾಸು ಸಾಕು ಎಂದು ಅಪ್ಪ ಹೇಳಿಯಾಗಿತ್ತು. ಗಣರಾಜ್ಯೋತ್ಸವದ ದಿನ ಲೀಡರ್ ಮೊದಲ ಸಲ ಜಾಗಟೆ ಬಾರಿಸುವುದನ್ನು ಬಂದು ನೋಡಿ, ಆಮೇಲೆ ಹೇಳಿ ಎಂದು ಹೆಡ್ಮಾಸ್ಟ್ರು ಅಪ್ಪನನ್ನು ಒಪ್ಪಿಸಿದ್ದರು. ಅಕ್ಕ ಹೈಸ್ಕೂಲಿಗೆ ಹೋದರೆ ಹಟ್ಟಿಯ ಸೆಗಣಿ, ಬಾವಿಯ ನೀರು ಎಲ್ಲ ನನ್ನ ತಲೆಗೆ. ಮೇಲಾಗಿ ಅವಳು ಮನೆಯಲ್ಲೂ ಲೀಡರೇ. ಬೀಡಿನ ಹುಡುಗ ನನ್ನನ್ನು ದಿವಾನರನ್ನಾಗಿ ಮಾಡುತ್ತೇನೆ ಎಂದಾಗ ಕೂಡಲೇ ಒಪ್ಪಿಕೊಂಡೆ.

ಗಣರಾಜ್ಯೋತ್ಸವದ ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ನಾವು ನಾಲ್ಕು ಜನ ಜಾಗಟೆ ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಕೊಯಿಲಾದ ಗದ್ದೆಯ ಬೈಹುಲ್ಲಿನ ಮೆದೆಯ ಹಿಂದೆ ಒಯ್ದೆವು. ಹುಲ್ಲಿನ ಬಿಸಿ ವಾಸನೆಗೆ ಸೀನು ಬರುತ್ತಿತ್ತು. ಅಡಿಕೆ ಹಾಳೆಯ ಟೊಪ್ಪಿಗೆ ಕೇಪಳ ಹೂವು ಸಿಕ್ಕಿಸಿ ಹುಡುಗನಿಗೆ ಪಟ್ಟ ಕಟ್ಟಿದೆವು. ತನ್ನನ್ನು ಲೀಡರ್ ಮಾಡುವವರೆಗೆ ಜಾಗಟೆ ಕೊಡಬಾರದು, ರಾತ್ರಿಯಾದರೂ ಯಾರೂ ಏಳಬಾರದು ಎಂದು ಅರಸರ ಅಪ್ಪಣೆಯಾಯಿತು.

ಅಷ್ಟರಲ್ಲಿ ಬೀಡಿನ ಕಡೆಯಿಂದ ಅವನ ಅಜ್ಜಿಯ ಕೂಗು ಕೇಳಿಸಿತು. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಈ ವಿಷಯ ನಮಗೆ ಯಾರಿಗೂ ಮೊದಲೇ ಹೊಳೆದಿರಲಿಲ್ಲ. ಅರಸರು ಸೂರ್ಯನನ್ನು ನೋಡಿದರು, ಟೊಪ್ಪಿ ತೆಗೆದು ನನ್ನ ಕೈಗೆ ಕೊಟ್ಟರು.

“ಉಂಡು ಬರ್ತೇನೆ. ದಿವಾನರೇ, ಜಾಗಟೆ ಜಾಗ್ರತೆ” ಎಂದು ಹೇಳಿ ಓಡಿದರು.

ಮತ್ತೆ ಬರಲಿಲ್ಲ. ಸೈನ್ಯದಲ್ಲಿದ್ದ ಇಬ್ಬರಲ್ಲಿ ಒಬ್ಬನಿಗೆ ಕರು ಕಟ್ಟಲಿಕ್ಕಿತ್ತು, ಇನ್ನೊಬ್ಬನಿಗೆ ಹಸಿವಾಯಿತು. ಕೊನೆಗೆ ಉಳಿದದ್ದು ನಾನು ಮತ್ತು ನನ್ನಿಂದ ಎತ್ತಲಾಗದ ಜಾಗಟೆ. ನನಗೆ ಅಳು ಬರುತ್ತಿದ್ದಾಗ ಅಕ್ಕ ನನ್ನನ್ನು ಹುಡುಕಿಕೊಂಡು ಬಂದಳು. ಗೋಣಿ ನೋಡಿದಳು, ಟೊಪ್ಪಿ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

“ನಿನ್ನ ಅರಸರು ಎಲ್ಲಿ ಮಾರಾಯ್ತಿ?”

“ಊಟಕ್ಕೆ ಹೋದರು.”

ಅವಳು ನಗಲಿಲ್ಲ, ಬೈಯಲೂ ಇಲ್ಲ. “ಒಂದು ಬದಿ ನೀನು ಹಿಡಿ, ಹೋಗುವ” ಎಂದಳು. ನನಗೆ ಬಹಳ ನಾಚಿಕೆಯಾಯಿತು.

ಕತ್ತಲಾಗುತ್ತಿದ್ದುದರಿಂದ ಮನೆಗೇ ಹೊತ್ತು ತಂದ ಜಾಗಟೆಯನ್ನು ಜಗಲಿಯಲ್ಲಿ ಕಂಡು ಅಪ್ಪನ ಮುಖ ಬಿಳಿಚಿಕೊಂಡಿತು. “ದಣಿಗಳ ಸೊತ್ತು ನಮ್ಮ ಮನೆಯಲ್ಲಿ! ಗದ್ದೆ ಬಿಡಿಸಿದರೆ ಎಲ್ಲಿಗೆ ಹೋಗುವುದು? ಈಗಲೇ ಬೀಡಿಗೆ ಕೊಟ್ಟು ಬಾ. ಲೀಡರೂ ಬೇಡ, ಶಾಲೆಯೂ ಬೇಡ.”

“ಶಾಲೆಗೆ ಕೊಟ್ಟ ಮೇಲೆ ಅದು ಶಾಲೆಯದ್ದು ಅಪ್ಪ” ಎಂದಳು ಅಕ್ಕ. “ನಾಳೆ ನಾನೇ ಬಾರಿಸ್ತೇನೆ. ನೀವು ಬಂದು ನೋಡಿ. ಆಮೇಲೆ ಬೇಡ ಅಂತ ಹೇಳಿ.” ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ.

ಬೆಳಿಗ್ಗೆ ಹೆಡ್ಮಾಸ್ಟ್ರು ಬರುವ ಮೊದಲೇ ನಾವಿಬ್ಬರೂ ಜಾಗಟೆಯನ್ನು ಇದ್ದಲ್ಲೇ ಕಟ್ಟಿದೆವು. ಅಕ್ಕ ಯಾರ ಹೆಸರನ್ನೂ ಹೇಳಲಿಲ್ಲ. ಧ್ವಜದ ಪಕ್ಕ ಕುರ್ಚಿಯಲ್ಲಿ ದಣಿಗಳು ಕುಳಿತಿದ್ದರು. ಅಪ್ಪ ಅಂಗಳದೊಳಗೆ ಬಾರದೆ ಬೇಲಿಯಾಚೆ ನಿಂತಿದ್ದರು. ಅಕ್ಕ ಜಾಗಟೆ ಬಾರಿಸಿದಳು. ಅಪ್ಪನ ಕೈ ತಾನಾಗಿ ಮೇಲೆ ಹೋಗಿ ಮುಂಡಾಸು ತೆಗೆಯಿತು. ಕಂಕುಳಿಗೆ ಸಿಕ್ಕಿಸಿಕೊಂಡ ಮೇಲೆ, ಬಾರಿಸುತ್ತಿರುವವಳು ಮಗಳು ಎಂದು ಅವರಿಗೆ ನೆನಪಾಗಿರಬೇಕು. ಒಮ್ಮೆ ದಣಿಗಳತ್ತ ನೋಡಿದರು, ಒಮ್ಮೆ ಅಕ್ಕನತ್ತ ನೋಡಿದರು. ಸದ್ದು ನಿಲ್ಲುವವರೆಗೂ ಬರಿತಲೆಯಲ್ಲೇ ನಿಂತಿದ್ದರು.

ಮನೆಗೆ ಹೋಗುವ ದಾರಿಯಲ್ಲಿ ಅಕ್ಕನನ್ನು ಕೇಳಿದರು: “ಮೂಡುಬಿದಿರೆಗೆ ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ಸುಂಟು?”

ಮರುವರ್ಷದಿಂದ ಸೆಗಣಿ ಬಾಚಿದ್ದು ನಾನೇ. ನಮ್ಮ ಅರಸರು ದೊಡ್ಡವರಾದ ಮೇಲೆ ಪಂಚಾಯತಿ ಚುನಾವಣೆಗೆ ನಿಂತು ಗೆದ್ದರು. “ದಿವಾನರೇ, ಓಟು ಉಂಟಲ್ಲ?” ಎಂದು ನಮ್ಮ ಮನೆಗೂ ಬಂದಿದ್ದರು. ಸಂಜೆಯಾಗುತ್ತಲೇ ಊಟಕ್ಕೆ ಎದ್ದು ಹೋದರು.

ನೀವು ಈಗ ಲೀಡರನ್ನು ಮೊಬೈಲಿನಲ್ಲಿ ಒತ್ತಿ ಆರಿಸುತ್ತೀರಿ. ನಿಮ್ಮ ಶಾಲೆಯ ಬೆಲ್ಲು ಕರೆಂಟಿನದು, ಅದನ್ನು ಯಾರೂ ಬಾರಿಸಬೇಕಾಗಿಲ್ಲ. ಅದು ಹೊಡೆಯುವಾಗ ನಿಮ್ಮಪ್ಪ ಗೇಟಿನ ಹತ್ತಿರ ಬೈಕಿನ ಮೇಲೆ ಕುಳಿತಿರುತ್ತಾನೆ, ಹೆಲ್ಮೆಟ್ ಕೂಡ ತೆಗೆಯುವುದಿಲ್ಲ. ನಾನದನ್ನು ದಿನಾ ನೋಡುತ್ತೇನೆ. ಆವತ್ತು ನನ್ನ ದಂಗೆ ಗೆದ್ದಿದ್ದರೆ ಅವನೂ ತೆಗೆಯಬೇಕಾಗುತ್ತಿತ್ತು.