ಹಳ್ಳ ತಿರುಗುವ ಕಡೆ

ಅರಕೇರಾದಲ್ಲಿ ನಮ್ಮ ಹೊಲವಿರುವುದು ಹಳ್ಳ ತಿರುಗುವ ಕಡೆ. ಅವ್ವನನ್ನು ಆ ಹೊಲದ ಅಂಚಿನಲ್ಲಿ ಮಣ್ಣು ಮಾಡಿದಾಗ ಹಳ್ಳ ಇಪ್ಪತ್ತು ಹೆಜ್ಜೆ ದೂರವಿತ್ತು. ಮಳೆಗಾಲದಲ್ಲಿ ರಭಸದಿಂದ ಬರುವ ನೀರು ತಿರುವಿನಲ್ಲಿ ನಮ್ಮ ದಂಡೆಗೇ ಬಡಿಯುತ್ತದೆ. ಬುಡ ಕೊರೆದು ಹೋದ ಮೇಲೆ ಎರೆಮಣ್ಣು ಹೆಂಟೆಹೆಂಟೆಯಾಗಿ ಕಳಚಿ ಬೀಳುತ್ತದೆ. ಐದು ವರ್ಷಗಳಲ್ಲಿ ಉಳಿದದ್ದು ನಾಲ್ಕೇ ಹೆಜ್ಜೆ.

ಹೋದ ಬೇಸಿಗೆಯಲ್ಲಿ ರಾಯಚೂರಿನಿಂದ ಊರಿಗೆ ಹೋದಾಗ ಅಕ್ಕನಿಗೆ ಹೇಳಿದೆ: "ಅವ್ವನ್ನ ಮ್ಯಾಲಿನ ಹೊಲಕ್ಕ ಒಯ್ಯೋಣ ಯಕ್ಕಾ."

"ಮಣ್ಣಿಗಿಟ್ಟಾಕಿನ್ನ ಎಬ್ಬಿಸಬ್ಯಾಡ. ಹಳ್ಳ ಅಲ್ಲಿತನಕ ಬರಂಗಿಲ್ಲ," ಎಂದಳು ಅಕ್ಕ.

ನಾನು ಒತ್ತಾಯಿಸಲಿಲ್ಲ. ಅಗೆಯುವ ಧೈರ್ಯ ನನಗೂ ಇರಲಿಲ್ಲ.

ಶ್ರಾವಣದಲ್ಲಿ ಎರಡು ದಿನ ಬಿಡದೆ ಮಳೆ ಹೊಡೆಯಿತು. ಮೂರನೆಯ ದಿನ ಅಕ್ಕ ಫೋನು ಮಾಡಿ, "ದಂಡಿ ಹೋತಪಾ," ಎಂದಳು. ಅವ್ವನ ಮಾತು ಎತ್ತಲಿಲ್ಲ. ನಾನು ಬಸ್ಸು ಹತ್ತಿ ಹೋಗಿ ನೋಡಿದರೆ ಸಮಾಧಿ ಇದ್ದಲ್ಲಿ ರಾಡಿ ನೀರು ಸುಳಿ ತಿರುಗುತ್ತಿತ್ತು.

ನಮ್ಮ ಕಡೆ ಕೊರೆದ ಮಣ್ಣನ್ನು ಹಳ್ಳ ಸ್ವಲ್ಪ ಕೆಳಗೆ, ನೀರು ನಿಧಾನವಾಗುವ ಆಚೆ ದಂಡೆಯಲ್ಲಿ ಬಿಡುತ್ತದೆ. ಅಲ್ಲೊಂದು ಹೊಸ ದಿಬ್ಬ ಎದ್ದಿದೆ. ಆಚೆ ಹೊಲದವರು ಅದರ ಮೇಲೆ ಸೌತೆಬಳ್ಳಿ ಹಾಕಿದ್ದಾರೆ. ಮೊನ್ನೆ ನಾನು ಮತ್ತೆ ಊರಿಗೆ ಹೋದಾಗ ಆ ಮನೆಯ ಹೆಂಗಸು ಉಡಿತುಂಬ ಸೌತೆಕಾಯಿ ತಂದು, "ತಿನ್ರಿ, ಹೊಸಾ ಮಣ್ಣಿನ ಕಾಯಿ, ಭಾಳ ರುಚಿ ಅದಾವ," ಎಂದಳು. ಅಕ್ಕ ಸೆರಗೊಡ್ಡಿ ಇಸಿದುಕೊಂಡಳು. ಆಕೆ ಹೋದ ಮೇಲೆ ನಾನೊಂದು ಕಾಯಿ ಹೆಚ್ಚಲು ಕುಳಿತಾಗ, ಅಕ್ಕ ಈಳಿಗೆಯನ್ನು ಬದಿಗೆ ಸರಿಸಿದಳು.