ಲೈನಿಗೆ ಬಂದ ಅಮ್ಮ

ನನ್ನ ಶಾಲೆಯಲ್ಲಿ ಓದಿದ ಪಾಪಾತಿಯ ತಾಯಿ ಲಿಂಗಿ, ಗೂಡಲೂರಿನ ಕಡೆಯ ಒಂದು ಟೀ ಎಸ್ಟೇಟಿನಲ್ಲಿ ಎಲೆ ಕೀಳುತ್ತಿದ್ದವಳು. ತವರು ಬೊಕ್ಕಾಪುರ. ೧೯೧೨ರ ಬೇಸಿಗೆಯಲ್ಲಿ ಅವಳು ತುಂಬು ಗರ್ಭಿಣಿ. ಹೆರಿಗೆಗೆ ಕರೆದೊಯ್ಯಲು ಅವಳ ತಾಯಿ ಕುಂಜಿ ಕಾಡುದಾರಿಯಲ್ಲಿ ನಡೆದು ಬಂದಳು.

ಲಿಂಗಿ ರಜೆ ಕೇಳಲು ಮೇಸ್ತ್ರಿ ರಂಗನಾಥನ್ ಬಳಿಗೆ ಹೋದಳು. ಮನೆಯಲ್ಲಾದರೆ ತಾಯಿಯನ್ನು 'ಅವ್ವೆ' ಎನ್ನುತ್ತಿದ್ದಳು. ಬಯಲುಸೀಮೆಯ ಮೇಸ್ತ್ರಿಗೆ ತಿಳಿಯಲೆಂದು ಅವನ ಮಾತಿನಲ್ಲೇ ಹೇಳಿದಳು:

"ಅಮ್ಮ ಬಂದವ್ಳೆ ಸಾಮಿ, ನಮ್ಮನೆಗೆ."

ಮೇಸ್ತ್ರಿ ಗಾಬರಿಯಿಂದ ಹಿಂದೆ ಸರಿದನು. ಪಕ್ಕದ ಎಸ್ಟೇಟಿನಲ್ಲಿ ಆಗ ಸಿಡುಬು ಎದ್ದಿತ್ತು. ಸಿಡುಬಿಗೂ ಜನ ಇಟ್ಟ ಹೆಸರು ಅಮ್ಮ. ಅವಳ ಮುಂದಿನ ಮಾತು ಅವನ ಕಿವಿಗೆ ಬೀಳಲಿಲ್ಲ. ಮಧ್ಯಾಹ್ನದೊಳಗೆ ಕೂಲಿ ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಸುತ್ತ ಹಗ್ಗ ಕಟ್ಟಿದರು. ಕುಂಜಿ ಆಗ ಗುಡ್ಡದ ಒರತೆಗೆ ನೀರಿಗೆ ಹೋಗಿದ್ದಳು. ಮಗಳು ಒಳಗೆ, ತಾಯಿ ಹೊರಗೆ.

"ಆ ಅಮ್ಮ ನಾನೇ ಕಣಪ್ಪಾ!" ಎಂದು, ಹಗ್ಗ ಕಟ್ಟಿದ ಕಾರಣ ಕೇಳಿ ತಿಳಿದ ಕುಂಜಿ ಕಾವಲುಗಾರ ದೇವನ ಮುಂದೆ ಎದೆ ತಟ್ಟಿಕೊಂಡಳು.

"ಓಹೋ, ನೀನೇನಾ ಮಾರಿಯಮ್ಮ? ಬೇವಿನ ಸೊಪ್ಪು ತರ್ಲಾ?" ಎಂದು ದೇವ ನಕ್ಕನು. "ದೊರೆ ಹೇಳದೆ ಹಗ್ಗ ಬಿಚ್ಚಕಾಗಲ್ಲ ಅಜ್ಜಿ."

ಎಸ್ಟೇಟಿನ ದೊರೆ ಊಟಿಗೆ ಹೋಗಿದ್ದನು. ಬಂಗಲೆಯ ಅಡಿಗೆಯವನೂ ಅದೇ ಲೈನಿನವನು. ಅವನಿಗೆ ಮಾತ್ರ ದಿನವೂ ಹಗ್ಗ ಎತ್ತಿಕೊಡುತ್ತಿದ್ದರು. ಉಳಿದವರಿಗೆ ಒರತೆಯ ದಾರಿ ಮುಚ್ಚಿತು. ಬಂಗಲೆಯ ಕುದುರೆ ತೊಳೆದ ನೀರು ಹರಿದುಬರುವ ಕಾಲುವೆಯೊಂದೇ ಗತಿ. ರೋಗ ಹರಡಬಾರದೆಂಬುದು ನ್ಯಾಯವೇ. ಆದರೆ ಆ ನ್ಯಾಯಕ್ಕೆ ಬಡವರ ಬಾಗಿಲು ಮಾತ್ರ ಕಾಣುತ್ತಿತ್ತು.

ಹಗ್ಗ ಕಟ್ಟಿದ ದಿನವೇ ಸಂಜೆ ಲಿಂಗಿಗೆ ಹೆರಿಗೆ ನೋವು ಎದ್ದಿತು. ಅವಳ ಕೂಗು ಕೇಳಿದ ಕುಂಜಿ ದೇವನತ್ತ ತೋಳು ಚಾಚಿದಳು.

"ಮೈ ಸುಡ್ತದೆ. ನಂಗೂ ಅಮ್ಮ ಬಂದವ್ಳೆ. ಮುಟ್ಟಿ ನೋಡು ಬಾ!"

ದೇವ ಹೌಹಾರಿ, ಕೋಲಿನಿಂದಲೇ ಹಗ್ಗ ಎತ್ತಿ ಅವಳನ್ನು ಒಳಗೆ ಬಿಟ್ಟನು. ನೀರಿನ ಕೊಡ ಅವಳ ಕಂಕುಳಲ್ಲೇ ಇತ್ತು.

ಪಾಪಾತಿ ಹುಟ್ಟಿದಳು. ಒರತೆಯ ನೀರನ್ನು ಕುಂಜಿ ಬಾಣಂತಿಗೆ ಮೀಸಲಿಟ್ಟು, ತಾನು ಕಾಲುವೆಯ ನೀರು ಕುಡಿದಳು. ಗೂಡಲೂರಿನಿಂದ ದೇವಿ ಹಾಕುವವನು, ಸಿಡುಬಿನ ಲಸಿಕೆಯವನು, ಬಂದು ನೋಡಿದನು. "ಇಲ್ಲಿ ಯಾರಿಗೂ ಸಿಡುಬಿಲ್ಲ. ಆದರೆ ಬಿಚ್ಚುವ ಹುಕುಂ ನನ್ನದಲ್ಲ" ಎಂದು ಹೊರಟುಹೋದನು. ಅಷ್ಟರಲ್ಲಿ ಕುಂಜಿಗೆ ಭೇದಿ ಹತ್ತಿತ್ತು.

ದೊರೆ ಬಂದ ಮೇಲೆ ಹಗ್ಗ ಬಿಚ್ಚಿದರು. ಲಿಂಗಿ ಕೂಸನ್ನೆತ್ತಿಕೊಂಡು ಒಬ್ಬಳೇ ಹೊರಗೆ ಬಂದಳು.

"ಅಮ್ಮ ಹೋದ್ಳಾ?" ಎಂದು ಮೇಸ್ತ್ರಿ ದೂರದಿಂದಲೇ ಕೇಳಿದನು.

"ಹೋದ್ಲು ಸಾಮಿ" ಎಂದಳು ಲಿಂಗಿ.