ಗಿರಣಿಯ ಸದ್ದಿನಲ್ಲಿ ಹೇಳಿದ್ದು

ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ, ಮಿಲ್ಟ್ರಿಯವರನ್ನು ಮದುವೆಯಾಗಿ, ಅವರು ಪೆನ್ಶನ್ ಪಡೆದು ಬಂದ ಮೇಲೆ ಚಿಕ್ಕೋಡಿಯಲ್ಲಿ ಮನೆ ಹೂಡಿದವಳು. ಊರಿನ ಮಾಜಿ ಸೈನಿಕರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ತೊಂಬತ್ತರ ಆಚೀಚೆ, ಶಾಂತಿಪಡೆಯ ಜೊತೆ ಲಂಕೆಗೆ ಹೋಗಿದ್ದವರು ತಿರುಗಿ ಬಂದ ಮೇಲೆ, ಸಂಘದ ಮುಂದೆ ಪೆನ್ಶನ್ನಿನ ತಕರಾರು ಬಿಟ್ಟು ಬೇರೆಯೇ ತಕರಾರುಗಳು ಬರತೊಡಗಿದವು. ಒಬ್ಬ ಊಟದ ನಡುವೆ ಎದ್ದು ಹೋಗುತ್ತಾನಂತೆ. ಇನ್ನೊಬ್ಬ ಬಾಗಿಲಿಗೆ ಬೆನ್ನು ಕೊಟ್ಟು ಕೂರುವುದೇ ಇಲ್ಲವಂತೆ. ಕೊನೆಗೆ ಮಿರಜದ ಮನಸ್ಸಿನ ಡಾಕ್ಟರರೊಬ್ಬರು ತಿಂಗಳಿಗೊಮ್ಮೆ ಬಂದು ಸಂಘದ ಹಿಂದಿನ ಕೋಣೆಯಲ್ಲಿ ಕೂರಲು ಒಪ್ಪಿದರು.

ಡಾಕ್ಟರರೇನೋ ಸಿಕ್ಕರು. ಆದರೆ ಮನೆಮನೆಗೆ ಹೋಗಿ ಕರೆತರುವವರು, ಗುಳಿಗೆ ನುಂಗಿದರೋ ಉಗುಳಿದರೋ ನೋಡುವವರು ಬೇಕಲ್ಲ. ದೊಡ್ಡ ಮೀಸೆಯ ಸುಬೇದಾರರು ಹೋಗಿ ಕೇಳಿದರೆ ಹೆಂಗಸರು ಬಾಯಿಗೆ ಸೆರಗು ಹಿಡಿದು ಒಳಗೆ ಸರಿದುಬಿಡುತ್ತಿದ್ದರು. ಅದಕ್ಕೆ ನನ್ನನ್ನು ಹಿಡಿದರು. ನಿಪ್ಪಾಣಿಯಿಂದ ರಾಯಬಾಗ, ಅಲ್ಲಿಂದ ಅಥಣಿ, ಕಾಗವಾಡ ಅಂತ ಬಸ್ಸಿನಲ್ಲೇ ನನ್ನ ಅರ್ಧ ದಿನ ಹೋಗುತ್ತಿತ್ತು. ನನಗೆ ಈ ಕೆಲಸ ಗೊತ್ತಿರಲಿಲ್ಲ. ಗೊತ್ತಿದ್ದವರು ಯಾರೂ ಇರಲಿಲ್ಲವಾದ್ದರಿಂದ ಹೊಟ್ಟೆಕಿಚ್ಚು ಪಡುವವರೂ ಇರಲಿಲ್ಲ.

ಡಾಕ್ಟರರದು ಒಂದು ವಿಚಿತ್ರ ಪದ್ಧತಿ. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು, ತಮ್ಮ ಮರಾಠಿ ಬೆರೆತ ಕನ್ನಡದಲ್ಲಿ ಹೇಳಿದರು: “ಬಘಾ ಬಾಯಿ, ನೋಡ್ರಿ ಅಕ್ಕಾರ, ರೋಗ ಹೋತೇನು ಅಂತಷ್ಟ ಕೇಳಬ್ಯಾಡ್ರಿ. ನಿಮಗ ಹ್ಯಾಂಗ ಬಾಳಬೇಕಂತೈತಿ ಅಂತ ಕೇಳ್ರಿ. ಅವರು ಏನ್ ಹೇಳ್ತಾರು, ಅದರ ಬೆನ್ನ ಹತ್ತೂಣು.”

ಇದೆಂಥ ಪ್ರಶ್ನೆ? ನನ್ನ ಜನ್ಮದಲ್ಲಿ ಯಾರೂ ನನಗೆ ಕೇಳದ ಪ್ರಶ್ನೆಯನ್ನು ನಾನು ಊರೂರಿಗೆ ಒಯ್ದೆ. ರಾಯಬಾಗದ ಕಡೆಯ ಒಬ್ಬರು ಬಹಳ ಹೊತ್ತು ಯೋಚಿಸಿ, “ಒಂದ ಎಮ್ಮಿ ಬೇಕ್ರಿ” ಅಂದರು. ನಾಚಿಕೆಯಿಂದಲೇ ಬಂದು ಡಾಕ್ಟರರಿಗೆ ತಿಳಿಸಿದರೆ ಅವರು, “ಛಲೋ ಆತು, ಎಮ್ಮಿ ಕೊಡಸ್ರಿ” ಅಂದರು. ಎಮ್ಮೆಗೂ ಮನಸ್ಸಿಗೂ ಏನು ಸಂಬಂಧ ಎಂದು ನಾನು ಕಕ್ಕಾಬಿಕ್ಕಿಯಾದೆ. ಅಕ್ಕೋಳದಲ್ಲಿ ಒಬ್ಬನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತು ನನ್ನನ್ನೇ ತಿರುಗಿ ಕೇಳಿದಳು: “ಅವರನ್ನ ಕೇಳಾಕತ್ತೀರಿ. ನನಗ ಹ್ಯಾಂಗ ಬಾಳಬೇಕಂತೈತಿ ಅಂತ ಯಾರರೆ ಕೇಳ್ಯಾರೇನ್ರಿ?” ನಾನು ಚಹಾ ಕುಡಿದು ಎದ್ದು ಬಂದೆ.

ನನ್ನ ತಲೆಯನ್ನು ಪೂರ್ತಿ ಮೊಸರುಗಡಿಗೆ ಮಾಡಿದವನು ಮಾತ್ರ ಅಥಣಿ ಹತ್ತಿರದ ಐಗಳಿಯವನು. ದ್ರಾಕ್ಷಿ ತೋಟವಿದ್ದ, ಉಂಡುಟ್ಟು ಇದ್ದ ಮನೆತನ. ಲಂಕೆಯಿಂದ ಬಂದು ಪೆನ್ಶನ್ ತೆಗೆದುಕೊಂಡ ಮೇಲೆ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡವನಂತೆ ಇರುತ್ತಿದ್ದ. ಯಾರಾದರೂ ಅಲ್ಲಿಯ ಮಾತು ತೆಗೆದರೆ ಎದ್ದು ನಡೆದುಬಿಡುವನು. ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗ ಒಮ್ಮೆ ಹೆಂಡತಿ ಭುಜ ಮುಟ್ಟಿ ಎಬ್ಬಿಸಿದ್ದಕ್ಕೆ ಕೈ ಬೀಸಿದ್ದ, ಅವಳ ತುಟಿ ಒಡೆದಿತ್ತು. ಅದಾಗಿ ಸ್ವಲ್ಪ ದಿನಕ್ಕೆ ಅವಳು ಮಗಳನ್ನು ಕಟ್ಟಿಕೊಂಡು ತವರೂರು ಕಾಗವಾಡಕ್ಕೆ ಹೋಗಿದ್ದಳು. ಜೂನ್ ತಿಂಗಳಲ್ಲಿ ಶಾಲೆ ಶುರುವಾದೊಡನೆ ಮಗಳ ಹೆಸರನ್ನು ಕಾಗವಾಡದ ಸಾಲಿಯಲ್ಲೇ ಹಚ್ಚಬೇಕೆಂದು ಅವಳ ಅಣ್ಣ ನಿಶ್ಚಯ ಮಾಡಿದ್ದ. ಹೆಸರು ಹಚ್ಚಿದರೆಂದರೆ ಮುಗಿಯಿತು, ಅವಳು ಐಗಳಿಗೆ ಬರುವ ಮಾತೇ ಇಲ್ಲ ಎಂದು ಎರಡೂ ಊರಿನವರಿಗೆ ಗೊತ್ತಿತ್ತು. ಅಷ್ಟರೊಳಗೆ ಅವನನ್ನು ನೆಟ್ಟಗೆ ಮಾಡಬೇಕು. ಅದು ನನ್ನ ಕೆಲಸವಂತೆ.

ನಮ್ಮ ಕಡೆ ಮಿಲ್ಟ್ರಿಯಿಂದ ಬಂದವನಿಗೆ ಜನ ಪ್ರೀತಿಯಿಂದ ಮಾಡುವ ಮೊದಲ ಉಪಕಾರವೆಂದರೆ ಮತ್ತೊಂದು ಬಂದೂಕು ಕೊಟ್ಟು ಯಾವುದಾದರೂ ಗೇಟಿನ ಮುಂದೆ ನಿಲ್ಲಿಸುವುದು. ಅವನ ಅಣ್ಣನೂ ಯಾರ ಯಾರದೋ ಕೈಕಾಲು ಹಿಡಿದು ಸಕ್ಕರೆ ಕಾರ್ಖಾನೆಯೊಂದರಲ್ಲಿ ಅಂಥದ್ದೇ ನೌಕರಿ ಕೊಡಿಸಿದ್ದ. ಎರಡನೆಯ ದಿನವೇ ಇವನು ಬಂದೂಕನ್ನು ಗೇಟಿನ ಖೋಲಿಯಲ್ಲಿಟ್ಟು ಮನೆಗೆ ನಡೆದು ಬಂದ. ಆಮೇಲೆ ಹೋಗಿ ಕೂತದ್ದು ಊರ ಹಿಟ್ಟಿನ ಗಿರಣಿಯಲ್ಲಿ. ಗಿರಣಿ ಅವನ ಜೊತೆ ಸಾಲಿ ಕಲಿತ ಮುಸಲ್ಮಾನ ಗೆಳೆಯನದು. ಮೊದಮೊದಲು ಸುಮ್ಮನೆ ಕೂರುತ್ತಿದ್ದವನು ನಿಧಾನಕ್ಕೆ ಜೋಳ ಸುರಿಯತೊಡಗಿದ, ಹಿಟ್ಟು ತುಂಬಿಕೊಡತೊಡಗಿದ. ಅವನ ಅವ್ವನಿಗೆ ಅದು ಪ್ರಾಣಸಂಕಟ.

“ಸರಕಾರದ ಬಂದೂಕ ಹಿಡದಾವ ಮಂದಿ ಜ್ವಾಳಾ ಬೀಸಾಕತ್ತಾನ ನೋಡವಾ. ನಾಕ ಮಂದ್ಯಾಗ ಹ್ಯಾಂಗ ಮಾರಿ ತೋರಸೂದು?” ಎಂದು ನನ್ನ ಮುಂದೆ ಕಣ್ಣೀರು ಹಾಕಿದಳು.

ಡಾಕ್ಟರರಿಗೂ ಗಿರಣಿ ಮನಸ್ಸಿಗೆ ಬರಲಿಲ್ಲ, ಅವರ ಕಾರಣ ಬೇರೆ. ತಟ್ಟೆ ಬಿದ್ದರೆ ಬೆಚ್ಚಿಬೀಳುವ ಮನುಷ್ಯ, ಅಷ್ಟು ಸದ್ದಿನಲ್ಲಿ ಇರುವುದು ಬೇಡ, ಸ್ವಲ್ಪ ದಿನ ತೋಟದಲ್ಲಿ ಶಾಂತವಾಗಿರಲಿ ಎಂದರು. ಅವ್ವ, ಅಣ್ಣ, ಡಾಕ್ಟರರು, ನಾನು ಎಲ್ಲರೂ ಒಂದೇ ಮಾತಿಗೆ ಬಂದದ್ದು ಅದೇ ಮೊದಲು. ನಾನಂತೂ ಖುಷಿಯಿಂದ ಬಸ್ಸು ಹತ್ತಿದೆ. ದ್ರಾಕ್ಷಿ ಬಳ್ಳಿಯ ನೆರಳು, ಗಾಳಿ, ಹಕ್ಕಿ, ಇನ್ನೇನು ಬೇಕು ಒಬ್ಬ ಮನುಷ್ಯನಿಗೆ?

ಮುಂದಿನ ಸಲ ಹೋದಾಗ ಅವನು ಸ್ನಾನ ಬಿಟ್ಟಿದ್ದ. ಗುಳಿಗೆಗಳನ್ನು ಬಳ್ಳಿಯ ಬುಡದ ಮಣ್ಣಿನಲ್ಲಿ ಹೂತಿದ್ದ. ನನ್ನನ್ನು ನೋಡಿ ಸಾಲಿನ ಆಚೆ ಸರಿದು ನಿಂತ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು. ನೆರಳಿನಲ್ಲಿ ಕೂರಿಸಿದರೆ ಹೀಗಾಗುವ ರೋಗ ಯಾವುದು?

ಅದೇ ವಾರ ಕಾಗವಾಡಕ್ಕೂ ಹೋದೆ. ಅವನ ಹೆಂಡತಿ ಕಟ್ಟೆಯ ಮೇಲೆ ಕೂತು ಮೆಂತ್ಯಪಲ್ಲೆ ಸೋಸುತ್ತಿದ್ದಳು. ಏಟಿನ ಭಯವಿರಬೇಕು ಎಂದುಕೊಂಡು ನಾನು ಸಮಾಧಾನದ ಮಾತು ಆಡತೊಡಗಿದೆ. ಅವಳು ತಲೆ ಎತ್ತದೆ ನನ್ನ ಮಾತು ಕತ್ತರಿಸಿದಳು.

“ಒಂದ ಏಟ ಬಿತ್ತಂತ ತವರಿಗಿ ಬರಾಕಿ ಅಲ್ರಿ ಅಕ್ಕಾರ ನಾ. ಅಲ್ಲಿ ಏನಾತು ಅಂತ ಒಮ್ಮೆ ನನ್ನ ಮುಂದ ಹೇಳಲಿ. ಬರ್ತೀನಿ. ನನ್ನ ಮುಂದನೂ ಹೇಳಾಂಗಿಲ್ಲಂದ್ರ ನಾ ಅವರಿಗಿ ಯಾರು? ಮಗ್ಗಲಾಗ ಪರದೇಸಿ ಮನಷ್ಯಾನ ಮಲಗಿಸಿಕೊಂಡಂಗ ಆಗೇತಿ.”

ಅವಳ ಮಾತು ಸರಿಯಾಗಿಯೇ ಇತ್ತು.

ತಿರುಗಿ ಬರುವಾಗ ಅಥಣಿ ಬಸ್‌ಸ್ಟ್ಯಾಂಡಿನಲ್ಲಿ ಗಿರಣಿಯ ಗೆಳೆಯ ಸಿಕ್ಕ. ಗಿರಣಿಯ ಚಕ್ರ ತಿರುಗಿಸುವ ಪಟ್ಟೆ ತರಲು ಬಂದಿದ್ದನಂತೆ. ತಲೆಗೂದಲಿಗೆ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, “ಅವನ್ನ ಗಿರಣಿಗಿ ಕಳಸ್ರಿ ಅಕ್ಕಾರ. ನನ್ನ ಕಡೆ ಇದ್ದಾಗ ಎರಡ ರೊಟ್ಟಿರೆ ತಿಂತಿದ್ದ” ಅಂದ. ಆಗ ನನಗೆ ಹೊಳೆಯಿತು: ಊರೂರಿಗೆ ಒಯ್ದ ಆ ಪ್ರಶ್ನೆಯನ್ನು ಈ ಮನೆಯಲ್ಲಿ ಯಾರೂ ಇವನಿಗೆ ಕೇಳಿರಲಿಲ್ಲ. ಎಲ್ಲರೂ ಒಪ್ಪಿದ ಗಡಿಬಿಡಿಯಲ್ಲಿ ಅವನ ಒಪ್ಪಿಗೆ ಉಳಿದೇ ಹೋಗಿತ್ತು.

ಮರುದಿನ ತೋಟಕ್ಕೆ ಹೋಗಿ ಸಾಲಿನ ಈಚೆ ಕೂತು ಕೇಳಿದೆ, “ಅಣ್ಣಾರ, ನಿಮಗ ಹ್ಯಾಂಗ ಬಾಳಬೇಕಂತೈತಿ?”

“ಗಿರಣ್ಯಾಗ” ಅಂದ ಅವನು.

“ಅಷ್ಟ ಸಪ್ಪಳದಾಗ?”

“ಅಲ್ಲಿ ಯಾರೂ ನನ್ನ ಏನೂ ಕೇಳಾಂಗಿಲ್ರಿ ಅಕ್ಕಾರ.”

ನಾನು ಕೂತಿದ್ದ ಹೊತ್ತಿನಲ್ಲೇ ಪಕ್ಕದ ತೋಟದವರೊಬ್ಬರು ಎಲೆಅಡಿಕೆ ಹಾಕಿಕೊಳ್ಳಲು ಬಂದರು. ಒಳ್ಳೆಯ ಮನುಷ್ಯ, ಕೆಟ್ಟ ಉದ್ದೇಶ ಎಳ್ಳಷ್ಟೂ ಇಲ್ಲ. ಸುಣ್ಣ ಹಚ್ಚುತ್ತ, “ಏನಪಾ, ಅಲ್ಲಿ ಎಷ್ಟ ಮಂದಿನ್ನ ಹೊಡದಿ?” ಅಂದರು. ಇವನು ಎದ್ದು ಸಾಲುಗಳ ನಡುವೆ ನಡೆದು ಹೋದ. ಶಾಂತವಾದ ತೋಟದಲ್ಲಿ ದಿನವೂ ಇದೇ ನಡೆದಿತ್ತು. ಗಾಳಿಗೆ, ನೆರಳಿಗೆ ಬಂದವರೆಲ್ಲ ಮಾತಿಗೆ ಕೂರುತ್ತಿದ್ದರು, ಮಾತಿಗೆ ಕೂತವರೆಲ್ಲ ಕೇಳುತ್ತಿದ್ದರು. ಗಿರಣಿಯಲ್ಲಾದರೆ ಪಟ್ಟೆ ತಿರುಗಲು ಹತ್ತಿದೊಡನೆ ಎಂಥ ವಾಚಾಳಿಯೂ ಬಾಯಿ ಮುಚ್ಚಬೇಕು.

ಡಾಕ್ಟರರಿಗೆ ಇದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಗಿರಣಿಗೇ ಹೋಗಲಿ ಎಂದರು. ಸಪ್ಪಳ ಅವನಿಗೆ ಒಳ್ಳೆಯದೋ ಕೆಟ್ಟದೋ ತಮಗೂ ಖಚಿತವಿಲ್ಲ, ಆದರೆ ಅವನು ಬಾಯಿ ಬಿಟ್ಟು ಬೇಡಿದ್ದು ಅದೊಂದೇ ಎಂದರು. ನಾನು ಮುಂದಿನ ಗಂಟನ್ನು ಬಿಚ್ಚಿಟ್ಟೆ. ಯಾರೂ ಕೇಳಬಾರದು ಅಂತ ಇವನು. ಕೇಳದೆ ಬರಲಾರೆ ಅಂತ ಅವಳು. ಯಾರ ಬೆನ್ನು ಹತ್ತಬೇಕು?

“ಎರಡೂ ಖರೇ ಅದಾವ ಬಾಯಿ,” ಅಂದರು ಡಾಕ್ಟರರು.

“ಇಷ್ಟ ಹೇಳಾಕ ಮಿರಜದಿಂದ ಬರಬೇಕೇನ್ರಿ?” ಎಂದುಬಿಟ್ಟೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಎರಡೂ ಖರೇ ಇದ್ದರೆ ಹೆಣ್ಣುಮಗಳು ಯಾವ ಬಸ್ಸು ಹತ್ತಬೇಕು ಎನ್ನುವುದನ್ನಾದರೂ ಯಾರಾದರೂ ಹೇಳಬೇಡವೆ?

ಅವನು ಗಿರಣಿಗೆ ತಿರುಗಿ ಹೋದ. ಸ್ನಾನ ಮಾಡತೊಡಗಿದ, ಗುಳಿಗೆ ನುಂಗತೊಡಗಿದ. ಅವ್ವ ಮಾರಿ ಊದಿಸಿಕೊಂಡೇ ಗಿರಣಿಗೆ ಬುತ್ತಿ ಕಳಿಸತೊಡಗಿದಳು. ಆದರೆ ಜೂನ್ ಬಂದೇ ಬಿಟ್ಟಿತು. ನಾನು ಕಾಗವಾಡಕ್ಕೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ನಿನ್ನ ಗಂಡ ಊಟ ಮಾಡುತ್ತಾನೆ, ಕೆಲಸ ಮಾಡುತ್ತಾನೆ, ಆ ಮಾತು ಮಾತ್ರ ಹೇಳುತ್ತಾನೆಂದು ನಾನು ಮಾತು ಕೊಡಲಾರೆ. ಅವಳ ಅಣ್ಣ ಒಳಗಿನಿಂದ, ಸೋಮವಾರ ಸಾಲಿಗೆ ಹೋಗಿ ಹೆಸರು ಹಚ್ಚಿ ಬರುತ್ತೇನೆ ಎಂದ. ಅವಳು ಒಳಗೆ ಹೋಗಿ ಒಂದು ಡಬ್ಬಿ ತುಂಬ ಜೋಳ ತಂದು, ಮಗಳನ್ನು ಅಣ್ಣನ ಹೆಂಡತಿಯ ಕೈಗೆ ಕೊಟ್ಟು, “ನಡೀರಿ, ಬೀಸಿಕೊಂಡ ಬರೂಣು” ಅಂದಳು. ಕಾಗವಾಡದಲ್ಲಿ ಗಿರಣಿ ಇರಲಿಲ್ಲವೆಂದಲ್ಲ.

ನಾವು ಬಸ್ಸಿಳಿದು ಹೋದಾಗ ಐಗಳಿಯ ಗಿರಣಿಯಲ್ಲಿ ಗಿರಾಕಿಗಳು ಯಾರೂ ಇರಲಿಲ್ಲ, ಗೆಳೆಯನೂ ಅವನೂ ಇಬ್ಬರೇ. ಅವನು ಅವಳನ್ನು ನೋಡಿದ. ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು, ಜೋಳ ಸುರಿದು, ಗಿರಣಿ ಚಾಲೂ ಮಾಡಿದ. ಅವಳು ಅವನ ಪಕ್ಕದಲ್ಲಿ ಚೀಲದ ಮೇಲೆ ಕೂತಳು. ಏನೂ ಕೇಳಲಿಲ್ಲ. ಅದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ, ಅವಳ ಬಾಯಿ ಒಮ್ಮೆಯೂ ತೆರೆಯಲಿಲ್ಲ. ಹಿಟ್ಟು ಅರ್ಧ ಬಿದ್ದಿರಬೇಕು, ಅವನು ಬಗ್ಗಿ ಅವಳ ಕಿವಿಯ ಹತ್ತಿರ ಬಾಯಿ ಒಯ್ದ. ಅವನ ತುಟಿ ಆಡುವುದು ಕಂಡಿತು. ಒಂದು ಮಾತು ಹೇಳಿ ನಿಲ್ಲಿಸಬಹುದು ಎಂದುಕೊಂಡೆ. ಅವನು ನಿಲ್ಲಿಸಲಿಲ್ಲ.

ಜೋಳ ಮುಗಿಯುತ್ತ ಬಂತು. ಕಾಳಿಲ್ಲದೆ ತಿರುಗಿದರೆ ಕಲ್ಲು ಕೆಡುತ್ತದೆ, ಬೇರೆ ಯಾರಾದರೂ ಆಗಿದ್ದರೆ ಗೆಳೆಯ ಹಾರಿ ಹೋಗಿ ಬಂದ್ ಮಾಡುತ್ತಿದ್ದ. ಈ ಸಲ ಗೆಳೆಯ ಮೂಲೆಯಲ್ಲಿದ್ದ ತನ್ನ ಮನೆಯ ಗೋಧಿಯ ಚೀಲವನ್ನು ಎತ್ತಿ ತಂದು, ಅವರಿಬ್ಬರ ಕಡೆ ನೋಡದೆ, ಮೇಲೆ ಸುರಿದ. ಜೋಳದ ಹಿಟ್ಟಿನ ಮೇಲೆ ಗೋಧಿ ಹಿಟ್ಟು ಬೀಳತೊಡಗಿತು. ಐಗಳಿಯವನು ಇನ್ನೂ ಹೇಳುತ್ತಲೇ ಇದ್ದ. ಒಮ್ಮೆ ಕೈಯಿಂದ ಗಾಳಿಯಲ್ಲಿ ಏನೋ ಎತ್ತರ ತೋರಿಸಿದ, ಸಣ್ಣ ಹುಡುಗರ ಎತ್ತರ. ಅವಳು ಕಲ್ಲಾಗಿ ಕೂತಿದ್ದಳು. ನಾನು ಹೊರಗೆ ಬಂದು ನಿಂತೆ.

ಗಿರಣಿ ನಿಂತ ಮೇಲೆ ಅವಳು ಡಬ್ಬಿ ಹಿಡಿದು ಹೊರಗೆ ಬಂದಳು. ಅವನು ಒಳಗೇ ಉಳಿದ. ನಾವಿಬ್ಬರೂ ಕ್ರಾಸಿನವರೆಗೆ ನಡೆದೆವು. ಅವಳ ಒಂದು ಕಿವಿ, ಕೆನ್ನೆ ಹಿಟ್ಟಿನಿಂದ ಬೆಳ್ಳಗಾಗಿದ್ದವು. ಒರೆಸಿಕೊಳ್ಳಲಿಲ್ಲ. ನಾನು ಸುಮ್ಮನಿರಬೇಕೆಂದು ಹಲ್ಲು ಕಚ್ಚಿ ನಡೆದೆ, ಆದರೂ ಕ್ರಾಸು ಬಂದಾಗ ಬಾಯಿ ತಡೆಯಲಿಲ್ಲ.

“ಹೇಳಿದ್ರೇನು?”

“ಹೇಳಿದ್ರು.”

“ಏನವಾ ಅದು, ಅಂಥಾದು?”

ಅವಳು ರಸ್ತೆಯ ಕಡೆ ನೋಡಿದಳು. ಕಾಗವಾಡದ ಕಡೆಯ ಬಸ್ಸು ದೂರದಲ್ಲಿ ಬರುತ್ತಿತ್ತು.

“ನನಗ ಕೇಳಸಲಿಲ್ರಿ ಅಕ್ಕಾರ,” ಅಂದಳು. “ಆ ಸಪ್ಪಳದಾಗ ಒಂದ ಮಾತೂ ಕೇಳಸಲಿಲ್ಲ. ಅವರು ಹೇಳಿಕೋತ ಅಳಾಕತ್ತಿದ್ರು. ಇನ್ನೊಮ್ಮೆ ಹೇಳ್ರಿ ಅಂತ ಹ್ಯಾಂಗ ಅನ್ನಲಿ?”

ಬಸ್ಸು ಬಂದು ನಿಂತಿತು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, “ಇದನ್ನ ಅತ್ತಿ ಕಡೆ ಕೊಡ್ರಿ. ನಾಳೆ ಮಗಳನ್ನ ಕರಕೊಂಡ ಬರ್ತೀನಿ” ಅಂದಳು. ಬಾಗಿಲ ಸರಳು ಹಿಡಿದು ಮತ್ತೆ ತಿರುಗಿದಳು.

“ನನಗ ಕೇಳಸಿಲ್ಲ ಅಂತ ಅವರಿಗಿ ಹೇಳಬ್ಯಾಡ್ರಿ.”